ಕೈಮೀರಾ ಮಂಗ ಮತ್ತು ಭ್ರೂಣದ ಸ್ಟೆಮ್ ಸೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ಚಳಿಗಾಲದಲ್ಲಿ ನಮ್ಮ ಪಿಯು ಕಾಲೇಜಿನ ಮಕ್ಕಳನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಗುಹಾಲಯ ಮೇಣಬಸದಿಯ ಮೆಟ್ಟಿಲ ಮೇಲೆ ಒಂದು ಮಂಗ ಬಂದು ಹುಡುಗಿಯೊಬ್ಬಳ ಕೈಯಿಂದ ಶೇಂಗಾ ಪೊಟ್ಟಣ ಕಿತ್ತುಕೊಂಡಿತು. ಅಲ್ಲೇ ಕಟ್ಟೆ ಮೇಲೆ ಕೂತು ಒಂದೊಂದೇ ಸುಲಿದು ತಿಂದು ಸಿಪ್ಪೆಯನ್ನು ನಮ್ಮ ಕಡೆಗೇ ಎಸೆಯಿತು. ಅದನ್ನೇ ನೋಡುತ್ತಿದ್ದ ಒಬ್ಬ ಹುಡುಗ ಕೇಳಿದ: "ಸರ, ಚೀನಾದಾಗ ಎರಡು ಮಂಗ್ಯಾ ಕೂಡಿಸಿ ಒಂದು ಮಂಗ್ಯಾ ಮಾಡ್ಯಾರಂತ. ಖರೇ ಏನ್ರಿ?"

ಖರೇ. ಆದರೆ ಅವನು ಅಂದುಕೊಂಡ ಹಾಗೆ ಅಲ್ಲ. ಬಸ್ಸು ಬಾಗಲಕೋಟೆ ಮುಟ್ಟುವ ತನಕ ಪ್ರಶ್ನೆಗಳು ನಿಲ್ಲಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ, ಮನೆಯಲ್ಲಿ, ಚಹಾದ ಅಂಗಡಿಯಲ್ಲಿ ಕೇಳಿದವು ಬೇರೆ. ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಜೀವಶಾಸ್ತ್ರ ಪಾಠ ಮಾಡುವವನು, ಲ್ಯಾಬಿನಲ್ಲಿ ಸಂಶೋಧನೆ ಮಾಡುವವನಲ್ಲ. ಅದು ಗೊತ್ತಿರಲಿ.

ಕೈಮೀರಾ ಅಂದರೆ ಏನು? ಕ್ಯಾಮೆರಾ ಅಲ್ಲ ತಾನೇ?

ಅಲ್ಲ. ಕೈಮೀರಿ ಹೋಗಿದ್ದೂ ಅಲ್ಲ, ಆ ಜೋಕ್ ಆಗಲೇ ಹಿಂದಿನ ಬೆಂಚಿನವರು ಮಾಡಿದ್ದಾರೆ. ಇದು ಗ್ರೀಕರ ಕಥೆಯಿಂದ ಬಂದ ಹೆಸರು. ಸಿಂಹ, ಆಡು, ಹಾವು ಮೂರೂ ಒಂದೇ ಮೈಯಲ್ಲಿರುವ ಬೆಂಕಿ ಉಗುಳುವ ಪ್ರಾಣಿ. ನಮ್ಮ ಕಡೆ ಇಂಥವಕ್ಕೆ ಬರಗಾಲವಿಲ್ಲ. ಗಂಡಭೇರುಂಡ ಇದೆ, ಮಕರ ಇದೆ. ಬಾದಾಮಿಯಲ್ಲೇ ಆನೆಯೂ ಎತ್ತೂ ಒಂದೇ ತಲೆ ಹಂಚಿಕೊಂಡ ಶಿಲ್ಪ ಇದೆ, ಮಕ್ಕಳಿಗೆ ತೋರಿಸಿದ್ದೆ.

ಜೀವಶಾಸ್ತ್ರದ ಕೈಮೀರಾ ಇಷ್ಟು ಭಯಂಕರ ಅಲ್ಲ. ಎರಡು ಅಥವಾ ಹೆಚ್ಚು ಬೇರೆ ಬೇರೆ ಭ್ರೂಣಗಳಿಂದ ಬಂದ ಜೀವಕೋಶಗಳು ಒಂದೇ ದೇಹದಲ್ಲಿ ಸೇರಿ ಬೆಳೆದರೆ ಅದು ಕೈಮೀರಾ. ನೋಡಲು ಅದು ಸಾದಾ ಪ್ರಾಣಿಯ ಹಾಗೇ ಇರಬಹುದು. ರಕ್ತ ಪರೀಕ್ಷೆ ಮಾಡುವ ತನಕ ಗೊತ್ತೇ ಆಗದಿರಬಹುದು.

ನಾನು ಕ್ಲಾಸಿಗೆ ಅವ್ವನ ಕೌದಿ ಒಯ್ದಿದ್ದೆ. ಹಳೇದು, ಅಂಚು ಸವೆದಿದೆ. ಅದರಲ್ಲಿ ಅಪ್ಪನ ಧೋತರದ ತುಂಡು ಇದೆ, ಇಳಕಲ್ ಸೀರೆಯ ತುಂಡು ಇದೆ, ಗುಳೇದಗುಡ್ಡದ ಖಣದ ಒಂದು ಅಂಗೈಯಗಲದ ತುಂಡು ಇದೆ. ಎಷ್ಟು ಸಲ ಒಗೆದರೂ ಖಣ ಖಣವಾಗಿಯೇ ಉಳಿದಿದೆ, ಧೋತರ ಧೋತರವಾಗಿಯೇ ಉಳಿದಿದೆ. ಹೊದ್ದುಕೊಂಡರೆ ಮಾತ್ರ ಅದು ಒಂದೇ ಕೌದಿ. ಕೈಮೀರಾ ಹೀಗೇ. ಪ್ರತಿ ಕೋಶದ ಡಿಎನ್‌ಎ ಅದರದ್ದೇ, ದೇಹ ಮಾತ್ರ ಒಂದು. ಇಳಕಲ್ ಸೀರೆಯ ಹಾಗೆ ಮೈ ಒಂದು ಕಡೆ, ಸೆರಗು ಇನ್ನೊಂದು ಕಡೆ ಅಂತ ಗೆರೆ ಎಳೆದಂತೆ ಇರುವುದಿಲ್ಲ. ಎಲ್ಲ ಕಡೆ ಚೆದುರಿ ಬೆರೆತಿರುತ್ತವೆ. ಯಕೃತ್ತಿನಲ್ಲಿ ಜಾಸ್ತಿ, ಚರ್ಮದಲ್ಲಿ ಕಮ್ಮಿ, ಹೀಗೆ.

ಅದಕ್ಕೇ ಕೈಮೀರಾ ಸುದ್ದಿ ಓದಿದಾಗ ನಾನು ಮೊದಲು ಹುಡುಕುವುದು ಮೂರು ಸಂಗತಿ. ಎಷ್ಟು ಕೋಶ, ಯಾವ ಅಂಗದಲ್ಲಿ, ಎಷ್ಟು ದಿನ. ಅದಿಲ್ಲದೆ "ಅರ್ಧ ಮನುಷ್ಯ ಅರ್ಧ ಮಂಗ" ಅಂತ ತಲೆಬರಹ ಹಾಕಿದರೆ ಪೇಪರು ಮಡಚಿಟ್ಟುಬಿಡಿ.

ಹೈಬ್ರಿಡ್ ಅಂದರೂ ಅದೇ ಅಲ್ವಾ?

ಅಲ್ಲ, ಇಲ್ಲೇ ಎಲ್ಲರೂ ಎಡವುವುದು. ಜವಾರಿ ಯಾವುದು, ಹೈಬ್ರಿಡ್ ಯಾವುದು ಅಂತ ನಮ್ಮ ರೈತರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಹೈಬ್ರಿಡ್ ಜೋಳದ ಪ್ರತಿ ಕೋಶದಲ್ಲೂ ತಂದೆ ತಳಿಯ ಅರ್ಧ, ತಾಯಿ ತಳಿಯ ಅರ್ಧ ಇರುತ್ತದೆ. ಹೇಸರಗತ್ತೆಯೂ ಹಾಗೇ. ಅದರ ಯಾವ ಕೋಶ ತೆಗೆದು ನೋಡಿದರೂ ಅರ್ಧ ಕುದುರೆ, ಅರ್ಧ ಕತ್ತೆ. ಹಾಲಿಗೆ ಬೆಲ್ಲ ಕರಗಿದಂತೆ, ಬೇರೆ ಮಾಡಲು ಬರುವುದಿಲ್ಲ.

ಕೈಮೀರಾದಲ್ಲಿ ಒಂದು ಕೋಶ ಪೂರ್ತಿ ಇದರದ್ದು, ಪಕ್ಕದ ಕೋಶ ಪೂರ್ತಿ ಅದರದ್ದು. 1984ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಆಡು ಮತ್ತು ಕುರಿಯ ಭ್ರೂಣಗಳನ್ನು ಸೇರಿಸಿ ಹುಟ್ಟಿಸಿದ ಮರಿಯ ಸುದ್ದಿ ಬಂತು. ಮೈಮೇಲೆ ಕೆಲವು ಕಡೆ ಕುರಿಯ ಉಣ್ಣೆ, ಕೆಲವು ಕಡೆ ಆಡಿನ ಕೂದಲು. ಅಕ್ಷರಶಃ ಕೌದಿ.

ಕ್ಲೋನ್?

ಅದು ಇದರ ತಿರುಗುಮುರುಗು. ಒಂದೇ ಡಿಎನ್‌ಎ ಹಲವು ದೇಹಗಳಲ್ಲಿ ಇದ್ದರೆ ಕ್ಲೋನ್. 2018ರಲ್ಲಿ ಸುದ್ದಿಯಾದ ಝೋಂಗ್ ಝೋಂಗ್ ಮತ್ತು ಹುವಾ ಹುವಾ ಮಂಗಗಳು ಕ್ಲೋನ್‌ಗಳು, ಕೈಮೀರಾ ಅಲ್ಲ.

ಇದು ಪ್ರಕೃತಿಗೆ ವಿರುದ್ಧ ಅಲ್ಲವೇ?

ನಿಮ್ಮ ದನದ ಕೊಟ್ಟಿಗೆಯಲ್ಲಿ ಆಕಳು ಯಾವತ್ತಾದರೂ ಅವಳಿ ಜವಳಿ ಈದಿದೆಯಾ? ಒಂದು ಹೋರಿಕರ, ಒಂದು ಹೆಣ್ಣುಕರ ಹುಟ್ಟಿದರೆ ಹಿರಿಯರು ಏನು ಹೇಳುತ್ತಾರೆ? "ಈ ಹೆಣ್ಣುಕರ ಗೊಡ್ಡಾಗತೈತಿ, ಇಟ್ಕೊಂಡು ಪ್ರಯೋಜನ ಇಲ್ಲ." ಬಹುಪಾಲು ಅದು ನಿಜವೇ ಆಗುತ್ತದೆ. ಹೊಟ್ಟೆಯಲ್ಲಿರುವಾಗ ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಹೋರಿಕರದ ಹಾರ್ಮೋನು ಹೆಣ್ಣುಕರಕ್ಕೆ ಹರಿದು ಅದರ ಗರ್ಭಕೋಶ, ಅಂಡಾಶಯ ಸರಿಯಾಗಿ ಬೆಳೆಯುವುದಿಲ್ಲ. ಜೊತೆಗೆ ರಕ್ತ ಹುಟ್ಟಿಸುವ ಮೂಲಕೋಶಗಳಾದ ಸ್ಟೆಮ್ ಸೆಲ್‌ಗಳೂ ಅದಲುಬದಲಾಗುತ್ತವೆ. ಅಂದರೆ ಆ ಎರಡೂ ಕರುಗಳು ರಕ್ತದ ಮಟ್ಟಿಗೆ ಕೈಮೀರಾ.

ಇದನ್ನು 1945ರಲ್ಲಿ ತೋರಿಸಿದವರು ಅಮೆರಿಕದ ರೇ ಓವನ್. ಅವಳಿ ಕರುಗಳಲ್ಲಿ ಎರಡು ಥರದ ರಕ್ತಕೋಶಗಳು ಜಗಳವಿಲ್ಲದೆ ಒಟ್ಟಿಗೆ ಇದ್ದವು. ಬೇರೆಯವರ ಕೋಶವನ್ನು ದೇಹ ಯಾಕೆ ಓಡಿಸಲಿಲ್ಲ? ರೋಗನಿರೋಧಕ ವ್ಯವಸ್ಥೆ ಕಣ್ಣು ಬಿಡುವ ಮೊದಲೇ ಆ ಕೋಶಗಳು ಅಲ್ಲಿದ್ದವು, ಹಾಗಾಗಿ ಅವನ್ನೂ ತನ್ನವೇ ಅಂದುಕೊಂಡಿತು. ಈ ಎಳೆ ಹಿಡಿದು ಹೋದ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಂತು. ಓವನ್‌ಗೆ ಬರಲಿಲ್ಲ. ಎಷ್ಟೋ ಹಳ್ಳಿಯ ದನಗಾಹಿಗಳಿಗೆ ಅರ್ಧ ಗೊತ್ತಿದ್ದ ವಿಷಯ ಇದು.

ದಕ್ಷಿಣ ಅಮೆರಿಕದ ಪುಟ್ಟ ಮಾರ್ಮೊಸೆಟ್ ಮಂಗಗಳು ಸಾಮಾನ್ಯವಾಗಿ ಅವಳಿಯನ್ನೇ ಹೆರುತ್ತವೆ. ಅವುಗಳ ರಕ್ತವೂ ಹೀಗೇ ಬೆರೆತಿರುತ್ತದೆ. ಬೇರೆಯವರಿಂದ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಮನುಷ್ಯನೂ ಕೈಮೀರಾನೇ. ಹೆತ್ತ ತಾಯಿಯ ರಕ್ತದಲ್ಲಿ ಮಗುವಿನ ಕೆಲವು ಕೋಶಗಳು ದಶಕಗಳ ತನಕ ಉಳಿದಿದ್ದೂ ಸಿಕ್ಕಿದೆ. ಇದನ್ನು ಕೇಳಿ ನಮ್ಮ ಅವ್ವ "ಅದಕ್ಕ ಅಂತೀನಿ ನಿನ್ನ ಚಿಂತಿ ಬಿಡವಲ್ದು ಅಂತ" ಅಂದಳು.

ಭ್ರೂಣದ ಸ್ಟೆಮ್ ಸೆಲ್ ಅಂದರೆ?

ಪುಸ್ತಕದಲ್ಲಿ ಕಾಂಡಕೋಶ, ಆಕರಕೋಶ ಅಂತೆಲ್ಲ ಬರೆಯುತ್ತಾರೆ. ಕಾಂಡ ಅಂದ ತಕ್ಷಣ ಮಕ್ಕಳು ಕಬ್ಬು ನೆನೆಸಿಕೊಳ್ಳುತ್ತಾರೆ. ನಾನು ಸ್ಟೆಮ್ ಸೆಲ್ ಅಂತಲೇ ಬರೆಯುತ್ತೇನೆ.

ಅಂಡ ಫಲಿತವಾದ ಮೇಲೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಾಲ್ಕೈದು ದಿನಕ್ಕೆ ಅದು ಸೀತಾಫಲದ ಹಾಗೆ ಉಬ್ಬುಬ್ಬಾದ ಒಂದು ಉಂಡೆ. ಅದರ ಹೆಸರು ಮೊರುಲಾ. ಇನ್ನೂ ಒಂದೆರಡು ದಿನಕ್ಕೆ ಒಳಗೆ ನೀರು ತುಂಬಿದ ಗುಳ್ಳೆಯಾಗುತ್ತದೆ, ಅದು ಬ್ಲಾಸ್ಟೊಸಿಸ್ಟ್. ಆ ಗುಳ್ಳೆಯ ಹೊರಗೋಡೆ ಮುಂದೆ ಮಾಸು ಆಗುತ್ತದೆ. ಒಳಗೆ ಒಂದು ಮೂಲೆಗೆ ಅಂಟಿಕೊಂಡ ಸಣ್ಣ ಗುಂಪು ಮುಂದೆ ಇಡೀ ದೇಹ ಆಗುತ್ತದೆ. ಆ ಗುಂಪಿನ ಕೋಶಗಳನ್ನು ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಅವೇ ಭ್ರೂಣದ ಸ್ಟೆಮ್ ಸೆಲ್. ಅವು ತಟ್ಟೆಯಲ್ಲಿ ವರ್ಷಗಟ್ಟಲೆ ಹೆಚ್ಚುತ್ತಾ ಹೋಗುತ್ತವೆ. ಹೇಳಿದಂತೆ ಕೇಳಿದರೆ ನರ, ರಕ್ತ, ಸ್ನಾಯು, ಯಾವುದಾದರೂ ಆಗಬಲ್ಲವು.

ಇಲಿಯಲ್ಲಿ ಇದು ಸಾಧ್ಯವಾಗಿದ್ದು 1981ರಲ್ಲಿ. ರೀಸಸ್ ಮಂಗದಲ್ಲಿ 1995ರಲ್ಲಿ, ಮನುಷ್ಯನಲ್ಲಿ 1998ರಲ್ಲಿ. ಕೊನೆಯ ಎರಡನ್ನೂ ಮಾಡಿದ್ದು ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ತಂಡ. 2006ರಲ್ಲಿ ಜಪಾನಿನ ಯಾಮಾನಾಕಾ ಇಲಿಯ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಸ್ಟೆಮ್ ಸೆಲ್ ಥರ ಮಾಡಿ ತೋರಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ. ಅದಕ್ಕೆ ಭ್ರೂಣವೇ ಬೇಡ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಮಾನವ ಭ್ರೂಣದ ಎರಡು ಸ್ಟೆಮ್ ಸೆಲ್ ಸಾಲುಗಳನ್ನು ಬೆಳೆಸಿದೆ. ಸಾಲು ಅಂದರೆ ಒಂದೇ ಮೂಲದಿಂದ ತಟ್ಟೆಯಲ್ಲಿ ಹೆಚ್ಚುತ್ತಾ ಹೋಗುವ ಕೋಶಗಳ ವಂಶ. ಇದೆಲ್ಲ ಬರೀ ಅಮೆರಿಕ, ಚೀನಾದ ಮಾತು ಅಂದುಕೊಳ್ಳಬೇಡಿ.

ಸ್ಟೆಮ್ ಸೆಲ್ ಹಾಕಿ ಕೈಮೀರಾ ಮಾಡುವುದು ಇಲಿಯಲ್ಲಿ ಅಷ್ಟು ಸಲೀಸು, ಮಂಗದಲ್ಲಿ ಯಾಕೆ ಆಗಲಿಲ್ಲ?

ಇದು ನನಗೆ ಬಹಳ ಇಷ್ಟದ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ.

ಇಲಿಯ ಸ್ಟೆಮ್ ಸೆಲ್ ತೆಗೆದು ಇನ್ನೊಂದು ಇಲಿಯ ಬ್ಲಾಸ್ಟೊಸಿಸ್ಟ್ ಒಳಗೆ ಬಿಟ್ಟರೆ, ಅವು ಹೊಸ ಮನೆಯಲ್ಲಿ ಸುಮ್ನೆ ಹೊಂದಿಕೊಂಡು ಬೆಳೆಯುತ್ತವೆ. 1980ರ ದಶಕದಿಂದಲೂ ಇದು ಲ್ಯಾಬುಗಳ ದಿನದ ಕೆಲಸ. ಬೇಕಾದ ಜೀನ್ ತೆಗೆದ ಇಲಿಗಳನ್ನು ಮಾಡುವುದು ಇದೇ ದಾರಿಯಲ್ಲಿ, ಅದಕ್ಕೆ 2007ರ ನೊಬೆಲ್ ಕೂಡ ಬಂತು.

ಅದೇ ಕೆಲಸವನ್ನು ಅಮೆರಿಕದ ಒರೆಗಾನ್‌ನಲ್ಲಿ ಶುಖ್ರಾತ್ ಮಿತಾಲಿಪೊವ್ ತಂಡ ರೀಸಸ್ ಮಂಗದಲ್ಲಿ ಮಾಡಿತು. ಆಗಲಿಲ್ಲ. ಸ್ಟೆಮ್ ಸೆಲ್‌ಗಳು ಸೇರಿಕೊಳ್ಳಲೇ ಇಲ್ಲ. ಆಗ ಅವರು ಸ್ಟೆಮ್ ಸೆಲ್ ಬಿಟ್ಟು, ನಾಲ್ಕೇ ಕೋಶಗಳಿದ್ದ ಎಳೆಯ ಭ್ರೂಣಗಳನ್ನೇ ಒಂದಕ್ಕೊಂದು ಅಂಟಿಸಿದರು. ಆರು ಭ್ರೂಣಗಳ ತನಕ ಒಟ್ಟು ಸೇರಿಸಿದರು. 2012ರ ಜನವರಿಯಲ್ಲಿ ಆ ಮರಿಗಳ ಸುದ್ದಿ ಬಂತು. ರೋಕು, ಹೆಕ್ಸ್, ಕೈಮೆರೊ. ರೋಕು ಅಂದರೆ ಜಪಾನಿ ಭಾಷೆಯಲ್ಲಿ ಆರು, ಹೆಕ್ಸ್ ಅಂದರೆ ಗ್ರೀಕಿನಲ್ಲಿ ಆರು. ಲ್ಯಾಬಿನಲ್ಲಿ ಮಾಡಿದ ಜಗತ್ತಿನ ಮೊದಲ ಕೈಮೀರಾ ಮಂಗಗಳು ಇವೇ.

ಸ್ಟೆಮ್ ಸೆಲ್ ಯಾಕೆ ಸೋತಿತು? ವಯಸ್ಸು. ತಟ್ಟೆಯಲ್ಲಿ ಇಲಿಯ ಸ್ಟೆಮ್ ಸೆಲ್ ಇನ್ನೂ ಏನೂ ನಿರ್ಧಾರ ಮಾಡದ ಹಸುಗೂಸು. ಮಂಗ ಮತ್ತು ಮನುಷ್ಯನ ಸ್ಟೆಮ್ ಸೆಲ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ, ಸಿದ್ಧವಾಗಿ ನಿಂತಿರುತ್ತದೆ. ಒಂದನೇ ಕ್ಲಾಸಿಗೆ ಹೊಸ ಹುಡುಗ ಬಂದರೆ ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲರ ದೋಸ್ತ್ ಆಗಿರುತ್ತಾನೆ. ಅದೇ ಒಂದನೇ ಕ್ಲಾಸಿನಲ್ಲಿ ಏಳನೆಯ ಕ್ಲಾಸಿನವನನ್ನು ಕೂರಿಸಿ ನೋಡಿ. ವಯಸ್ಸು ಹೊಂದದ ಕೋಶ ಭ್ರೂಣದಲ್ಲಿ ಉಳಿಯುವುದಿಲ್ಲ, ಸಾಯುತ್ತದೆ. ಮಂಗದ ಸ್ಟೆಮ್ ಸೆಲ್‌ಗೆ ಆ ಹಸುಗೂಸಿನ ಸ್ಥಿತಿ ಬರಿಸುವ ಪೋಷಕ ದ್ರಾವಣ ಹುಡುಕುವುದಕ್ಕೇ ಮುಂದಿನ ವರ್ಷಗಳೆಲ್ಲ ಹೋದವು.

2023ರಲ್ಲಿ ಚೀನಾದಲ್ಲಿ ಆಗಿದ್ದು ಏನು?

ಶಾಂಘೈನ ಚೀನೀ ವಿಜ್ಞಾನ ಅಕಾಡೆಮಿಯ ತಂಡ 2023ರ ನವೆಂಬರಿನಲ್ಲಿ ಸೆಲ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಅದು. ಏಡಿ ತಿನ್ನುವ ಮಂಗ ಅಂತ ಒಂದು ಜಾತಿ ಇದೆ, ಆಗ್ನೇಯ ಏಷ್ಯಾದ್ದು, ಬಾಲ ಉದ್ದ. ಅದರ ಏಳು ದಿನದ ಬ್ಲಾಸ್ಟೊಸಿಸ್ಟ್‌ಗಳಿಂದ ಒಂಬತ್ತು ಸ್ಟೆಮ್ ಸೆಲ್ ಸಾಲುಗಳನ್ನು ಬೆಳೆಸಿದರು. ಗುರುತಿಗೆ ಹಸಿರು ಹೊಳೆಯುವ ಪ್ರೋಟೀನಿನ ಜೀನ್ ಸೇರಿಸಿದರು. ಆಮೇಲೆ ಅದೇ ಜಾತಿಯ ಬೇರೆ ನಾಲ್ಕೈದು ದಿನದ ಮೊರುಲಾ ಒಳಗೆ ಅವನ್ನು ಚುಚ್ಚಿದರು.

ಈ ಚುಚ್ಚುವ ಕೆಲಸ ಹೇಗೆ ಗೊತ್ತಾ? ಭ್ರೂಣ ಸುಮಾರು 0.1 ಮಿಲಿಮೀಟರ್, ರವೆಯ ಕಾಳಿಗಿಂತ ಸಣ್ಣದು. ಮೈಕ್ರೋಸ್ಕೋಪಿನ ಕೆಳಗೆ ಒಂದು ಗಾಜಿನ ಕೊಳವೆ ಅದನ್ನು ಎಡಗಡೆಯಿಂದ ಮೆಲ್ಲಗೆ ಹೀರಿ ಹಿಡಿದುಕೊಂಡಿರುತ್ತದೆ. ಬಲಗಡೆಯಿಂದ ಕೂದಲಿಗಿಂತ ತೆಳುವಾದ ಇನ್ನೊಂದು ಕೊಳವೆ ಒಳಗೆ ಹೋಗಿ ಕೆಲವೇ ಕೋಶಗಳನ್ನು ಬಿಟ್ಟು ಹೊರಗೆ ಬರುತ್ತದೆ. ಸೂಜಿ ಮಲ್ಲಿಗೆ ಪೋಣಿಸುವವರ ಕೈ ಬೇಕು.

ಈಗ ಲೆಕ್ಕ ನೋಡಿ. 40 ಹೆಣ್ಣು ಮಂಗಗಳ ಗರ್ಭಕ್ಕೆ ಭ್ರೂಣ ಹಾಕಿದರು. 12 ಬಸಿರಾದವು. 6 ಮರಿ ಜೀವಂತ ಹುಟ್ಟಿದವು. ಹುಟ್ಟಿದ್ದರಲ್ಲಿ ಹೇಳಿಕೊಳ್ಳುವಷ್ಟು ಕೈಮೀರಾ ಆಗಿದ್ದು ಒಂದೇ ಒಂದು ಗಂಡು ಮರಿ. ಬಸಿರಿಳಿದು ಹೋದ ಇನ್ನೊಂದು ಗಂಡು ಭ್ರೂಣದಲ್ಲೂ ಸಾಕಷ್ಟು ಬೆರಕೆ ಸಿಕ್ಕಿತು. ಆ ಮರಿಯ 26 ಬಗೆಯ ಅಂಗಾಂಶಗಳನ್ನು ಪರೀಕ್ಷೆ ಮಾಡಿದರು. ಸ್ಟೆಮ್ ಸೆಲ್‌ನಿಂದ ಬಂದ ಕೋಶಗಳು ಕೆಲವು ಕಡೆ ನೂರಕ್ಕೆ 21, ಕೆಲವು ಕಡೆ 92, ಸರಾಸರಿ 67. ಮೆದುಳು, ಹೃದಯ, ಮೂತ್ರಪಿಂಡ, ವೃಷಣದಲ್ಲೂ ಇದ್ದವು. ಬೆರಳ ತುದಿ ಮತ್ತು ಕಣ್ಣು ಹಸಿರು ಹೊಳೆಯುತ್ತಿದ್ದವು.

ಮರಿಗೆ ಉಸಿರಾಟದ ತೊಂದರೆ ಆಯಿತು, ಮೈ ತಣ್ಣಗಾಗತೊಡಗಿತು. ಹತ್ತು ದಿನಕ್ಕೆ ದಯಾಮರಣ ಕೊಟ್ಟರು.

"ವಿಜ್ಞಾನದ ಜಯ" ಅಂತ ಬರೆದವರು ಕೊನೆಯ ಸಾಲನ್ನು ಸಣ್ಣ ಅಕ್ಷರದಲ್ಲಿ ಹಾಕಿದರು. ಜಯ ಹೌದು, ಸುಳ್ಳಲ್ಲ. ಒರೆಗಾನ್‌ನಲ್ಲಿ ಆಗದ್ದು ಇಲ್ಲಿ ಆಯಿತು. ಆದರೆ ನಾನು ಕ್ಲಾಸಿನಲ್ಲಿ ಇದನ್ನು ಹೇಳುವಾಗ 40, 12, 6, 1, ಹತ್ತು ದಿನ ಅಂತ ಬೋರ್ಡಿನ ಮೇಲೆ ಬರೆದೇ ಮುಂದೆ ಹೋಗುತ್ತೇನೆ.

ಹಸಿರೇ ಯಾಕೆ?

ಒಂದು ಅಂಬಲಿಮೀನಿನಿಂದ (ಜೆಲ್ಲಿಫಿಶ್) ಬಂದ ಪ್ರೋಟೀನು ಅದು. ನೀಲಿ ಬೆಳಕು ಬಿಟ್ಟರೆ ಹಸಿರು ಹೊಳೆಯುತ್ತದೆ. ಯಾವ ಕೋಶ ಹೊರಗಿನದು ಅಂತ ಕಣ್ಣಿಗೇ ಕಾಣಲಿ ಅನ್ನುವುದಕ್ಕೆ. ಹಗಲು ಬೆಳಕಿನಲ್ಲಿ ಮಂಗ ಹಸಿರಾಗಿ ಓಡಾಡುವುದಿಲ್ಲ.

ಇಂಥ ಮಂಗಕ್ಕೆ ಅಪ್ಪ ಅವ್ವ ಎಷ್ಟು ಜನ? ಅದರ ಮರಿಯೂ ಕೈಮೀರಾ ಆಗುತ್ತದಾ?

ಎರಡು ಭ್ರೂಣ ಸೇರಿದರೆ ನಾಲ್ಕು ತನಕ, ಹೊತ್ತು ಹೆತ್ತ ಬಾಡಿಗೆ ತಾಯಿ ಬೇರೆ. ಮರಿ ಮಾತ್ರ ಕೈಮೀರಾ ಆಗುವುದಿಲ್ಲ. ಒಂದು ವೀರ್ಯಾಣು ಒಂದೇ ಕೋಶದಿಂದ ಬರುವುದು, ಆ ಕೋಶ ಒಂದೇ ಮೂಲದ್ದು. ಕೌದಿಯಿಂದ ಒಂದು ನೂಲು ಎಳೆದರೆ ಅದು ಒಂದೇ ಬಟ್ಟೆಯ ನೂಲು ಅಲ್ವಾ, ಹಾಗೆ. ಸಂಶೋಧಕರಿಗೆ ಬೇಕಾಗಿರುವುದೂ ಅದೇ. ಜೀನ್ ಬದಲಿಸಿದ ಸ್ಟೆಮ್ ಸೆಲ್‌ನಿಂದ ವೀರ್ಯ ಬಂದರೆ, ಮುಂದಿನ ಪೀಳಿಗೆಯಲ್ಲಿ ಆ ಬದಲಾವಣೆ ಇಡೀ ದೇಹದಲ್ಲಿ ಬರುತ್ತದೆ.

ಇಷ್ಟೆಲ್ಲ ಮಾಡಿ ಉಪಯೋಗ ಏನು?

ಪಾರ್ಕಿನ್ಸನ್ ಥರದ ಮೆದುಳಿನ ಕಾಯಿಲೆಗಳನ್ನು ಇಲಿಯಲ್ಲಿ ಅಭ್ಯಾಸ ಮಾಡುತ್ತಾರೆ. ಇಲಿಯಲ್ಲಿ ಗುಣ ಮಾಡಿದ ಔಷಧಿ ಎಷ್ಟೋ ಸಲ ಮನುಷ್ಯನಲ್ಲಿ ಕೆಲಸ ಮಾಡುವುದಿಲ್ಲ. ಮೆದುಳೇ ಬೇರೆ. ಕಾಯಿಲೆಯ ಜೀನ್ ಇರುವ ಮಂಗ ಸಿಕ್ಕರೆ ಮನುಷ್ಯನಿಗೆ ಹತ್ತಿರದ ಉತ್ತರ ಸಿಗಬಹುದು ಅನ್ನುವುದು ಒಂದು ವಾದ. ನಶಿಸುತ್ತಿರುವ ಮಂಗ ಜಾತಿಗಳ ವೀರ್ಯ, ಅಂಡವನ್ನು ಹತ್ತಿರದ ಜಾತಿಯ ದೇಹದಲ್ಲಿ ಬೆಳೆಸಬಹುದು ಅನ್ನುವುದು ಇನ್ನೊಂದು. ಮೊದಲನೆಯದು ನನಗೆ ಒಪ್ಪಿಗೆಯಾಗುತ್ತದೆ. ಎರಡನೆಯದು ಸದ್ಯಕ್ಕೆ ಸಂಶೋಧನೆಗೆ ದುಡ್ಡು ಕೇಳುವ ಅರ್ಜಿಯಲ್ಲಿ ಚೆನ್ನಾಗಿ ಕಾಣುವ ಮಾತು. ಕಾಡು ಉಳಿಸುವುದು ಅದಕ್ಕಿಂತ ಅಗ್ಗ.

ಮನುಷ್ಯನ ಕೋಶವನ್ನು ಮಂಗದ ಭ್ರೂಣಕ್ಕೆ ಹಾಕಿದ್ದಾರಂತೆ?

ಹಾಕಿದ್ದಾರೆ. 2021ರ ಏಪ್ರಿಲ್‌ನಲ್ಲಿ ಕುನ್ಮಿಂಗ್‌ನ ಜಿ ವೈಝಿ ಮತ್ತು ಅಮೆರಿಕದ ಸಾಲ್ಕ್ ಸಂಸ್ಥೆಯ ಹುವಾನ್ ಕಾರ್ಲೋಸ್ ಇಜ್ಪಿಸುವಾ ಬೆಲ್ಮಾಂಟೆ ತಂಡಗಳು ಇದನ್ನು ಪ್ರಕಟಿಸಿದವು. 132 ಮಂಗದ ಭ್ರೂಣ, ಒಂದೊಂದಕ್ಕೆ ಮನುಷ್ಯನ 25 ಸ್ಟೆಮ್ ಸೆಲ್. ಹತ್ತನೇ ದಿನಕ್ಕೆ 103 ಬೆಳೆಯುತ್ತಿದ್ದವು, ಹತ್ತೊಂಬತ್ತನೇ ದಿನಕ್ಕೆ ಮೂರು ಉಳಿದಿದ್ದವು. ಎಲ್ಲವೂ ತಟ್ಟೆಯಲ್ಲೇ. ಯಾವುದನ್ನೂ ಗರ್ಭಕ್ಕೆ ಹಾಕಲಿಲ್ಲ, ಯಾವ ಮರಿಯೂ ಹುಟ್ಟಲಿಲ್ಲ. ವಾಟ್ಸಾಪಿನಲ್ಲಿ ಬರುವ ಮಾತಾಡುವ ಮಂಗದ ಫೋಟೊ ಕಂಪ್ಯೂಟರಿನಲ್ಲಿ ಹುಟ್ಟಿದ್ದು.

ಭಯ ಬರೀ ಮೂಢನಂಬಿಕೆ ಅಂತ ನಾನು ಹೇಳುವುದಿಲ್ಲ. ಕೋಶ ಎಲ್ಲಿಗೆ ಹೋಗಿ ಕೂರುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಮೂತ್ರಪಿಂಡದಲ್ಲಿ ಕೂತರೆ ಯಾರಿಗೂ ತಕರಾರಿಲ್ಲ. ಮೆದುಳಿನಲ್ಲಿ ಕೂತರೆ? ವೃಷಣದಲ್ಲಿ ಕೂತರೆ? ಇದಕ್ಕೇ ಅಂತರರಾಷ್ಟ್ರೀಯ ಸ್ಟೆಮ್ ಸೆಲ್ ಸಂಶೋಧನಾ ಸಂಘದ 2021ರ ಮಾರ್ಗಸೂಚಿ, ಇಂಥ ಬೆರಕೆ ಭ್ರೂಣವನ್ನು ಮನುಷ್ಯರ ಅಥವಾ ಚಿಂಪಾಂಜಿ, ಗೊರಿಲ್ಲಾದಂಥ ದೊಡ್ಡ ವಾನರಗಳ ಗರ್ಭಕ್ಕೆ ಹಾಕಲೇಬಾರದು ಅನ್ನುತ್ತದೆ.

ಹಾಗಾದರೆ ಹಂದಿಯಲ್ಲಿ ಕಿಡ್ನಿ ಬೆಳೆಸುವುದು?

ಅಂಗಾಂಗದ ಆಸೆ ಇರುವುದು ಹಂದಿಯ ಮೇಲೆ, ಮಂಗದ ಮೇಲಲ್ಲ. ಅಂಗಗಳ ಅಳತೆ ನಮಗೆ ಸರಿಹೊಂದುತ್ತದೆ, ಬೇಗ ಬೆಳೆಯುತ್ತದೆ, ಒಂದು ಸೂಲಿಗೆ ಹತ್ತು ಮರಿ. 2010ರಲ್ಲಿ ಜಪಾನಿನ ನಕಾಉಚಿ ತಂಡ, ಮೇದೋಜೀರಕ ಬೆಳೆಯದಂತೆ ಮಾಡಿದ ಚಿಕ್ಕ ಇಲಿಯಲ್ಲಿ ದೊಡ್ಡ ಇಲಿಯ ಮೇದೋಜೀರಕ ಬೆಳೆಸಿತು. ಖಾಲಿ ಬಿಟ್ಟ ಜಾಗಕ್ಕೆ ಹೊರಗಿನ ಕೋಶ ಬಂದು ತುಂಬಿಕೊಂಡಿತು. 2023ರ ಸೆಪ್ಟೆಂಬರಿನಲ್ಲಿ ಗುವಾಂಗ್‌ಝೌ ತಂಡ ಇದೇ ಉಪಾಯದಿಂದ ಹಂದಿಯ ಭ್ರೂಣದಲ್ಲಿ ಮನುಷ್ಯ ಕೋಶಗಳಿರುವ ಎಳೆಯ ಮೂತ್ರಪಿಂಡ ತೋರಿಸಿತು. ನೂರಕ್ಕೆ 50ರಿಂದ 60ರಷ್ಟು ಕೋಶ ಮನುಷ್ಯನದ್ದು, 28 ದಿನದ ತನಕ. ಅಲ್ಲಿಗೇ ನಿಲ್ಲಿಸಿದರು. ಡಯಾಲಿಸಿಸ್‌ಗೆ ಹೋಗುತ್ತಿರುವವರು ಮುಂದಿನ ವರ್ಷ ಸಿಗಬಹುದು ಅಂತ ಕಾಯಬೇಡಿ.

2022ರಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಮನುಷ್ಯನಿಗೆ ಹಂದಿಯ ಹೃದಯ ಹಾಕಿದ್ದು ಬೇರೆ. ಅದು ಕೈಮೀರಾ ಹಂದಿಯದ್ದಲ್ಲ, ಜೀನ್ ತಿದ್ದಿದ ಹಂದಿಯದ್ದು.

ನಮ್ಮ ಬಾದಾಮಿಯ ಮಂಗಗಳನ್ನೂ ಹಿಡಿದುಕೊಂಡು ಹೋಗುತ್ತಾರಾ?

ಮೇಲೆ ಹೇಳಿದ ಪ್ರಯೋಗಗಳಲ್ಲಿ ಇರುವುದು ರೀಸಸ್ ಮತ್ತು ಏಡಿ ತಿನ್ನುವ ಮಂಗ. ಬಾದಾಮಿಯಲ್ಲಿರುವುದು ತಲೆ ಮೇಲೆ ಟೊಪ್ಪಿಗೆ ಇಟ್ಟಂತೆ ಕೂದಲಿರುವ ದಕ್ಷಿಣದ ಜಾತಿ. ಮೂರೂ ದಾಯಾದಿಗಳೇ. ರೀಸಸ್ ಉತ್ತರ ಭಾರತದ್ದು. ಒಂದು ಕಾಲದಲ್ಲಿ ಭಾರತ ರೀಸಸ್ ಮಂಗಗಳನ್ನು ಸಾವಿರಗಟ್ಟಲೆ ಅಮೆರಿಕಕ್ಕೆ ಕಳಿಸುತ್ತಿತ್ತು. 1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಅದನ್ನು ನಿಲ್ಲಿಸಿತು. ಆಮೇಲೆ ಜಗತ್ತಿನ ಲ್ಯಾಬುಗಳು ಹೆಚ್ಚೆಚ್ಚು ಏಡಿ ತಿನ್ನುವ ಮಂಗದ ಕಡೆ ತಿರುಗಿದವು. 2022ರಲ್ಲಿ ಆ ಜಾತಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದಾರೆ.

ಹನುಮಪ್ಪನ ವಂಶ. ಪಾಪ ತಟ್ಟುವುದಿಲ್ಲವೇ?

ನಮ್ಮೂರಲ್ಲಿ ಮಂಗ ಸತ್ತರೆ ಭಜನೆ ಮಾಡಿ, ಹೂವು ಹಾಕಿ ಮಣ್ಣು ಮಾಡುತ್ತಾರೆ. ಮರುದಿನ ಅದೇ ಜನ ಶೇಂಗಾ ಹೊಲದಲ್ಲಿ ಕವಣೆ ಹಿಡಿದು ನಿಂತಿರುತ್ತಾರೆ. ಎರಡೂ ಖರೇನೇ. ಈ ಪ್ರಶ್ನೆಗೆ ನನ್ನ ಉತ್ತರವೂ ಅಷ್ಟೇ ಎರಡು ಮನಸ್ಸಿನದು.

ಪೋಲಿಯೊ ಲಸಿಕೆ ಬಂದ ಕಾಲದಲ್ಲಿ ಅದರ ವೈರಸ್ಸನ್ನು ಬೆಳೆಸಿದ್ದು ಮಂಗದ ಮೂತ್ರಪಿಂಡದ ಕೋಶಗಳಲ್ಲಿ. ನಮ್ಮ ಮಕ್ಕಳ ನಾಲಿಗೆ ಮೇಲೆ ಬಿದ್ದ ಎರಡು ಹನಿಯ ಹಿಂದೆ ಎಷ್ಟೋ ಮಂಗಗಳಿವೆ. ಪೋಲಿಯೊ ಆಗಿ ಕಾಲು ಸಣ್ಣಗಾದ ಗೆಳೆಯನ ಜೊತೆ ಶಾಲೆಗೆ ಹೋದವನು ನಾನು. ಆ ಲಸಿಕೆ ಬೇಡವಾಗಿತ್ತು ಅಂತ ನನ್ನ ಬಾಯಲ್ಲಿ ಬರುವುದಿಲ್ಲ. ಆದರೆ 40 ತಾಯಂದಿರು, ಹತ್ತು ದಿನ ಬದುಕಿದ ಒಂದು ಮರಿ ಅಂದಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಅದೇ ಪ್ರಶ್ನೆಗೆ ತಟ್ಟೆಯ ಕೋಶದಲ್ಲಿ ಉತ್ತರ ಸಿಗುವ ಹಾಗಿದ್ದರೆ ಮಂಗವನ್ನು ಮುಟ್ಟಬಾರದು. ಸಿಗದಿದ್ದರೆ ಎಷ್ಟು ಪ್ರಾಣಿ, ಯಾಕೆ ಅಂತ ಮೊದಲೇ ಬರೆದು ಕೊಡಬೇಕು.

ಭಾರತದಲ್ಲಿ ಇದಕ್ಕೆಲ್ಲ ಕಾನೂನು ಇದೆಯಾ?

ಇದೆ. ಪ್ರಾಣಿ ಪ್ರಯೋಗಕ್ಕೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ, ಅದರ ಕೆಳಗೆ ಒಂದು ರಾಷ್ಟ್ರೀಯ ಸಮಿತಿ. ಸ್ಟೆಮ್ ಸೆಲ್‌ಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಮಾಡಿದ 2017ರ ಮಾರ್ಗಸೂಚಿ. ಮಾನವ ಭ್ರೂಣವನ್ನು 14 ದಿನದ ಮೇಲೆ ತಟ್ಟೆಯಲ್ಲಿ ಬೆಳೆಸುವಂತಿಲ್ಲ. ಲ್ಯಾಬಿನಲ್ಲಿ ತಿದ್ದಿದ ಮಾನವ ಭ್ರೂಣವನ್ನು ಮನುಷ್ಯರ ಅಥವಾ ಮಂಗಗಳ ಗರ್ಭಕ್ಕೆ ಹಾಕುವಂತಿಲ್ಲ. ಮನುಷ್ಯನ ಸ್ಟೆಮ್ ಸೆಲ್ ಹಾಕಿದ ಪ್ರಾಣಿಯಲ್ಲಿ ಆ ಕೋಶ ವೀರ್ಯ, ಅಂಡಕ್ಕೆ ಸೇರುವ ಸಾಧ್ಯತೆ ಇದ್ದರೆ ಅದರಿಂದ ಮರಿ ಮಾಡಿಸುವಂತಿಲ್ಲ.

ಮೊಣಕಾಲು ನೋವಿಗೆ, ಶುಗರ್‌ಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡುತ್ತಾರಂತೆ. ಹೋಗಬಹುದಾ?

ಚಹಾದ ಅಂಗಡಿಯಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ.

ನಮ್ಮ ಕಾಕಾ ಟ್ರ್ಯಾಕ್ಟರಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಯಾರೋ ಒಬ್ಬ ಏಜೆಂಟ್ ಬಂದ. ದೊಡ್ಡ ಊರಿನ ಒಂದು ಆಸ್ಪತ್ರೆ, ಮೂರು ಇಂಜೆಕ್ಷನ್, ಆರು ತಿಂಗಳಿಗೆ ನಡೆಯುತ್ತಾರೆ ಅಂದ. ಮೊಬೈಲಿನಲ್ಲಿ ಇಲಿಯ ವೀಡಿಯೊ ತೋರಿಸಿದ, ಕುಂಟುತ್ತಿದ್ದ ಇಲಿ ಓಡುವುದು. ನಾನು ಬೇಡ ಅಂದೆ. "ನೀ ಬರೇ ಪುಸ್ತಕ ಓದಿದಾಂವ" ಅಂದಳು ಕಾಕು. ಒಂದು ಜೋಡಿ ಎತ್ತು, ಕಾಕುವಿನ ಬಂಗಾರ ಎರಡೂ ಹೋದವು. ಮೂರನೇ ಇಂಜೆಕ್ಷನ್ ಆದ ಮೇಲೆ ಜ್ವರ ಬಂತು, ಬೇರೇನೂ ಬರಲಿಲ್ಲ. ಕಾಗದದಲ್ಲಿ ಯಾವ ಕೋಶ, ಎಷ್ಟು ಕೋಶ, ಎಲ್ಲಿಂದ ಬಂದವು ಅನ್ನುವ ಒಂದು ಸಾಲೂ ಇರಲಿಲ್ಲ. ಕಾಕಾ ಈಗಲೂ ಕಟ್ಟೆ ಮೇಲೆ ಗಾಲಿಕುರ್ಚಿಯಲ್ಲಿ ಕೂರುತ್ತಾನೆ, ಖಾಲಿ ಗ್ವಾದಲಿ ಕಡೆ ಬೆನ್ನು ಮಾಡಿ.

2017ರ ಮಾರ್ಗಸೂಚಿ ಪ್ರಕಾರ ಮಾಮೂಲಿ ಚಿಕಿತ್ಸೆ ಅಂತ ಒಪ್ಪಿಗೆ ಇರುವುದು ಅಸ್ಥಿಮಜ್ಜೆ ಅಥವಾ ರಕ್ತದ ಸ್ಟೆಮ್ ಸೆಲ್ ಕಸಿಗೆ. ರಕ್ತದ ಕ್ಯಾನ್ಸರ್, ಥಲಸೇಮಿಯಾ ಥರದ ಕಾಯಿಲೆಗಳಿಗೆ ಅದು ನಿಜಕ್ಕೂ ಜೀವ ಉಳಿಸುತ್ತದೆ. ಆ ಮಾರ್ಗಸೂಚಿಯ ಲೆಕ್ಕದಲ್ಲಿ ಉಳಿದದ್ದು ಸಂಶೋಧನೆ. ಸಂಶೋಧನೆ ಅಂದರೆ ನೋಂದಣಿಯಾದ ಟ್ರಯಲ್ (ರೋಗಿಗಳ ಮೇಲೆ ನಡೆಸುವ ಪರೀಕ್ಷೆ) ಇರಬೇಕು, ಅದರ ನಂಬರ್ ನಿಮ್ಮ ಕೈಗೆ ಕೊಡಬೇಕು, ಇಂಜೆಕ್ಷನ್ನಿಗೆ ನಿಮ್ಮಿಂದ ದುಡ್ಡು ಕೇಳಬಾರದು. ದುಡ್ಡು ಕೇಳಿದರು ಅಂದರೆ ಎದ್ದು ಬನ್ನಿ. ಅದಕ್ಕೂ ಮೊದಲು ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಎಲುಬಿನ ಡಾಕ್ಟರಿಗೆ ಕಾಗದ ತೋರಿಸಿ.

ಹೊಕ್ಕುಳಬಳ್ಳಿ ರಕ್ತವನ್ನು ಬ್ಯಾಂಕಿನಲ್ಲಿ ಇಡಿಸಬೇಕಾ?

ಮನೆಯಲ್ಲಿ ಆಗಲೇ ರಕ್ತದ ಕ್ಯಾನ್ಸರ್, ಥಲಸೇಮಿಯಾದಂಥ ಕಾಯಿಲೆಯ ಮಗು ಇದ್ದರೆ ಡಾಕ್ಟರನ್ನು ಕೇಳಿ. ಸುಮ್ನೆ ಮುಂದೆ ಬೇಕಾದೀತು ಅಂತ ದುಡ್ಡು ಕಟ್ಟಿ ಇಡಿಸುವುದನ್ನು ಐಸಿಎಂಆರ್ ಸಲಹೆ ಮಾಡುವುದಿಲ್ಲ.

ನೀಟ್‌ಗೆ ಬರುತ್ತದಾ, ಸರ?

ಬಂದರೆ ಒಂದು ಪ್ರಶ್ನೆ, ಅಂದರೆ ನಾಲ್ಕು ಮಾರ್ಕಿನ ವ್ಯತ್ಯಾಸ ಬರಬಹುದು. ಮೊರುಲಾ, ಬ್ಲಾಸ್ಟೊಸಿಸ್ಟ್ ಚಿತ್ರ ಬಿಡಿಸಿ ಕಲಿತುಕೊಳ್ಳಿ.

ನೀವು ತೋರಿಸಿದ ಆ ಆನೆ-ಎತ್ತಿನ ಶಿಲ್ಪ ಎಲ್ಲಿದೆ? ನಮಗೆ ಸಿಗಲಿಲ್ಲ.

ಮೊದಲನೆಯ ಗುಹೆಯಲ್ಲೇ. ಎಲ್ಲರೂ ಹದಿನೆಂಟು ಕೈಯ ನಟರಾಜನ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ತ್ರಿಶೂಲ ಹಿಡಿದ ದ್ವಾರಪಾಲಕ ನಿಂತಿದ್ದಾನಲ್ಲ, ಅವನ ಕಾಲ ಕೆಳಗೆ ನೋಡಿ. ಎರಡು ಮೈ, ಒಂದೇ ತಲೆ. ಅಂಗೈಯಿಂದ ಒಂದು ಕಡೆ ಮುಚ್ಚಿದರೆ ಆನೆ, ಇನ್ನೊಂದು ಕಡೆ ಮುಚ್ಚಿದರೆ ಎತ್ತು. ಬೆಳಿಗ್ಗೆ ಬೇಗ ಹೋಗಿ, ಜನ ಕಮ್ಮಿ ಇರುತ್ತಾರೆ. ಶೇಂಗಾ ಚೀಲದೊಳಗೆ ಇರಲಿ, ಚೀಲದ ಜಿಪ್ ಹಾಕಿರಲಿ. ಜಿಪ್ ತೆಗೆಯುವುದನ್ನೂ ಒಂದೆರಡು ಕಲಿತಿವೆ.